ಕಂಬಿ ಬಂದ ಊರು, ಕಂಬಿ ಬಾರದ ಊರು

ಮಕ್ಕಳಿಗೆ ರೈಲುದಾರಿಯ ಕಥೆಯನ್ನು ಹೇಳುವ ಬಗೆ

ನಮ್ಮ ಮಕ್ಕಳು ಶಾಲೆಯಲ್ಲಿ ರೈಲ್ವೆಯ ವಿಷಯವಾಗಿ ಕಲಿಯುವ ಪಾಠವು ಸಾಮಾನ್ಯವಾಗಿ ಒಂದು ತಾರೀಖಿನಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. 1853ನೆಯ ಇಸವಿ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ 21 ಮೈಲಿಗಳ ದೂರ ಮೊದಲನೆಯ ಪ್ರಯಾಣಿಕರ ಗಾಡಿ ಓಡಿತು ಎಂಬುದನ್ನು ಐದನೆಯ ತರಗತಿಯ ಹುಡುಗನೂ ತಡವರಿಸದೆ ಒಪ್ಪಿಸುತ್ತಾನೆ. ಒಪ್ಪಿಸಲಿ, ಸಂತೋಷವೇ. ಆದರೆ ಅದೇ ಹುಡುಗನನ್ನು, “ನಿನ್ನ ಊರಿನ ಮಂಡಿಪೇಟೆ ರೈಲು ನಿಲ್ದಾಣದ ಪಕ್ಕದಲ್ಲಿಯೇ ಏಕಿದೆ? ಪಕ್ಕದ ತಾಲ್ಲೂಕಿನ ಹಳೆಯ ಕೋಟೆಯ ಊರು ಇದಕ್ಕಿಂತ ಚಿಕ್ಕದಾಗಿ ಉಳಿದದ್ದೇಕೆ?” ಎಂದು ಕೇಳಿ ನೋಡಿ. ಅವನು ಸುಮ್ಮನೆ ನಿಲ್ಲುತ್ತಾನೆ. ಅವನ ತಂದೆಯೂ ಒಂದು ಕ್ಷಣ ಸುಮ್ಮನಾಗುವುದುಂಟು.

ಈ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲಿ ದೊರೆಯುವುದಿಲ್ಲವಾದರೂ ನಾವು ನಿತ್ಯ ಓಡಾಡುವ ಬೀದಿಗಳಲ್ಲಿ ದೊರೆಯುತ್ತದೆ. ಕನ್ನಡ ನಾಡಿನ ಅರ್ಧಕ್ಕರ್ಧ ಪಟ್ಟಣಗಳಲ್ಲಿ ‘ಸ್ಟೇಷನ್ ರಸ್ತೆ’ ಎಂಬ ಹೆಸರಿನ ಬೀದಿಯೊಂದಿದೆ. ಆ ಬೀದಿಯ ಒಂದು ತುದಿಯಲ್ಲಿ ಹಳೆಯ ಊರು, ಇನ್ನೊಂದು ತುದಿಯಲ್ಲಿ ಕಂಬಿ; ನಡುವೆ ಗೋದಾಮುಗಳು, ದಲ್ಲಾಳಿ ಅಂಗಡಿಗಳು, ಹೋಟೆಲುಗಳು, ಛತ್ರ. ನೂರೈವತ್ತು ವರ್ಷಗಳ ಅರ್ಥಶಾಸ್ತ್ರವೆಲ್ಲ ಆ ಒಂದು ಬೀದಿಯಲ್ಲಿ ಅಡಗಿದೆ. ಅದನ್ನು ಮಕ್ಕಳಿಗೆ ಬಿಡಿಸಿ ತೋರಿಸುವುದು ತಾಯಿತಂದೆಗಳಿಗೆ ಅಸಾಧ್ಯವಾದ ಕೆಲಸವೇನೂ ಅಲ್ಲ.

ಎತ್ತಿನ ಗಾಡಿಯ ಲೆಕ್ಕ

ರೈಲು ಏನು ಮಾಡಿತು ಎಂಬುದು ತಿಳಿಯಬೇಕಾದರೆ ರೈಲಿಲ್ಲದ ಕಾಲವು ಮೊದಲು ಮಗುವಿನ ಕಣ್ಣಿಗೆ ಕಟ್ಟಬೇಕು. ಇದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಒಂದು ಜೋಡೆತ್ತಿನ ಗಾಡಿ ಸುಮಾರು ಅರ್ಧ ಟನ್ನು ಸರಕನ್ನು ಹೇರಿಕೊಂಡು ದಿನಕ್ಕೆ ಹನ್ನೆರಡು ಮೈಲಿ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಹುಬ್ಬಳ್ಳಿಯಿಂದ ಸಮುದ್ರ ತೀರದ ಕುಮಟೆಗೆ ಸುಮಾರು ನೂರು ಮೈಲಿ. ಹೋಗುವುದಕ್ಕೆ ಎಂಟು ಒಂಬತ್ತು ದಿನ, ಬರುವುದಕ್ಕೆ ಅಷ್ಟೇ ದಿನ. ದಾರಿಯುದ್ದಕ್ಕೂ ಎತ್ತಿಗೆ ಮೇವು, ಗಾಡಿಯವನಿಗೆ ಊಟ, ಮಳೆಗಾಲದಲ್ಲಿ ಘಟ್ಟದ ದಾರಿ ಕೆಸರಾಗಿ ನಿಂತುಹೋದರೆ ಸಂಚಾರವೇ ಇಲ್ಲ. ಈಗ ಹತ್ತು ಟನ್ನು ಹೊರುವ ಇಪ್ಪತ್ತು ಡಬ್ಬಿಗಳ ಒಂದು ಸಣ್ಣ ಗೂಡ್ಸ್ ಗಾಡಿಯನ್ನು ತೆಗೆದುಕೊಳ್ಳಿ. ಅದು ಹೊರುವ ಇನ್ನೂರು ಟನ್ನು ಸರಕಿಗೆ ನಾಲ್ಕುನೂರು ಎತ್ತಿನ ಗಾಡಿಗಳು, ಎಂಟುನೂರು ಎತ್ತುಗಳು, ನಾಲ್ಕುನೂರು ಜನ ಬೇಕು. ಗಾಡಿಗಳ ಹದಿನೇಳು ದಿನಗಳ ಯಾತ್ರೆ ರೈಲಿಗೆ ಒಂದೆರಡು ದಿನಗಳ ಕೆಲಸ.

ಈ ಲೆಕ್ಕವನ್ನು ಮಗು ತಾನೇ ಕಾಗದದ ಮೇಲೆ ಹಾಕಿದಾಗ ಒಂದು ಸತ್ಯ ಅದಕ್ಕೆ ಹೊಳೆಯುತ್ತದೆ. ಗಾಡಿಯ ಕಾಲದಲ್ಲಿ ಬೆಲೆ ಕಡಿಮೆಯ, ತೂಕ ಹೆಚ್ಚಿನ ಪದಾರ್ಥಗಳು ದೂರ ಹೋಗಲಾರವು. ರೇಷ್ಮೆ, ಮೆಣಸು, ಏಲಕ್ಕಿ ಹೋಗಬಹುದು. ರಾಗಿ, ಜೋಳ, ಕಟ್ಟಡದ ಕಲ್ಲು ಹೋಗಲಾರವು. ಬಾಡಿಗೆಯೇ ಬೆಲೆಯನ್ನು ನುಂಗಿಹಾಕುತ್ತದೆ. ಆದುದರಿಂದ ಪ್ರತಿಯೊಂದು ಸೀಮೆಯೂ ತನಗೆ ಬೇಕಾದುದನ್ನೆಲ್ಲ ತಾನೇ ಬೆಳೆದುಕೊಳ್ಳಬೇಕಾಗಿದ್ದಿತು. ಒಂದು ವರ್ಷ ಮಳೆ ತಪ್ಪಿದರೆ ಹಸಿವು ತಪ್ಪಿದ್ದಲ್ಲ.

ಬರಗಾಲವು ಹಾಕಿಸಿದ ದಾರಿ

ಇಲ್ಲಿಂದ ಮಗುವನ್ನು 1876ರಿಂದ 1878ರವರೆಗಿನ ಧಾತು ಈಶ್ವರದ ಬರಗಾಲಕ್ಕೆ ಕರೆದೊಯ್ಯಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರ ಗಣತಿಯಲ್ಲಿ ಅದು ಸುಮಾರು 41.9 ಲಕ್ಷ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತಲೂ ಹೆಚ್ಚಾಗಿ ಕುಗ್ಗಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಬೇರೆ ವರ್ಣನೆ ಬೇಕಾಗಿಲ್ಲ.

ಆಗ ಸಂಸ್ಥಾನದಲ್ಲಿ ರೈಲು ಇರಲಿಲ್ಲವೇ? ಇದ್ದಿತು. ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಮದ್ರಾಸು ರೈಲ್ವೆಯ ಕವಲು 1864ರಲ್ಲಿಯೇ ತೆರೆದಿದ್ದಿತು. ಆದರೆ ಕಂಬಿ ಬೆಂಗಳೂರಿನಲ್ಲಿಯೇ ನಿಂತಿದ್ದಿತು. ಮದ್ರಾಸಿನಿಂದ ಧಾನ್ಯ ಅಲ್ಲಿಯವರೆಗೆ ಬಂದಿತು. ಅಲ್ಲಿಂದ ಒಳನಾಡಿಗೆ ಒಯ್ಯಬೇಕಾದ ಎತ್ತುಗಳು ಮೇವಿಲ್ಲದೆ ನೀರಿಲ್ಲದೆ ಸಾಯುತ್ತಿದ್ದವು. ಹಸಿದವರಿಗೂ ಅಕ್ಕಿಯ ಮೂಟೆಗೂ ನಡುವೆ ನಿಂತದ್ದು ಐವತ್ತು ನೂರು ಮೈಲಿಗಳ ಗಾಡಿಯ ದಾರಿ.

ಈ ಅನುಭವದಿಂದಲೇ ಬೆಂಗಳೂರು–ಮೈಸೂರು ದಾರಿಯ ಕೆಲಸಕ್ಕೆ ವೇಗ ಬಂದಿತು. ಅದರ ಮಣ್ಣಿನ ಕೆಲಸ ಬರಗಾಲದ ಪರಿಹಾರ ಕಾಮಗಾರಿಯಾಗಿ ನಡೆಯಿತು. ಹಸಿದ ಜನರೇ ಬುಟ್ಟಿ ಹೊತ್ತು ಕಟ್ಟಿದ ಏರಿಯ ಮೇಲೆ ನಾವಿಂದು ಮೈಸೂರಿಗೆ ಹೋಗುತ್ತೇವೆ. ರಂಗಾಚಾರ್ಲು ಅವರು ದಿವಾನರಾಗಿದ್ದಾಗ, 1882ರಲ್ಲಿ, ದಾರಿ ಮೈಸೂರನ್ನು ಮುಟ್ಟಿತು. 1884ರಲ್ಲಿ ತುಮಕೂರು, 1889ರಲ್ಲಿ ಹರಿಹರ. 1880ರ ಬರಗಾಲದ ಆಯೋಗವು ಕ್ಷಾಮದಿಂದ ದೇಶಕ್ಕೆ ರಕ್ಷಣೆ ದೊರೆಯಬೇಕಾದರೆ 20,000 ಮೈಲಿಗಳ ರೈಲುದಾರಿ ಬೇಕು, ಅದರಲ್ಲಿ 5,000 ಮೈಲಿ ತಕ್ಷಣವೇ ಬೇಕು ಎಂದು ಹೇಳಿದ್ದಿತು.

ಇಲ್ಲಿ ಮಗು ಒಂದು ಪ್ರಶ್ನೆ ಕೇಳಬಹುದು. ಕೇಳದಿದ್ದರೆ ನಾವೇ ಕೇಳಿಸಬೇಕು. “ಹಾಗಾದರೆ ರೈಲು ಬಂದ ಮೇಲೆ ಹಸಿವು ಹೋಯಿತೇ?” ಕಂಬಿಗೆ ಎರಡು ತುದಿಗಳುಂಟು. ಧಾನ್ಯ ಯಾವ ಕಡೆಯಿಂದ ಬರಬಲ್ಲುದೋ ಆ ಕಡೆಗೆ ಹೋಗಲೂ ಬಲ್ಲುದು. ಬೆಲೆ ಹೆಚ್ಚಿರುವ ಕಡೆಗೆ ಸರಕು ಹರಿಯುತ್ತದೆ. ಕೈಯಲ್ಲಿ ಕಾಸಿಲ್ಲದವನ ಹಸಿವು ಬೆಲೆಯನ್ನು ಏರಿಸುವುದಿಲ್ಲ. ಅದೇ ಬರಗಾಲದ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿ ರಫ್ತಾಗುತ್ತಿದ್ದಿತು. ಅನ್ನವನ್ನು ಸಾಗಿಸುವ ಶಕ್ತಿ ರೈಲಿಗಿದೆ. ಯಾರಿಗೆ ಸಾಗಿಸಬೇಕೆಂಬ ನಿರ್ಧಾರ ಮನುಷ್ಯರದು. ಈ ಭೇದವನ್ನು ಹತ್ತು ವರ್ಷದ ಮಗುವೂ ಅರಿಯಬಲ್ಲುದು.

ಕೋಟೆಯ ಊರು, ಕಂಬಿಯ ಊರು

ಈಗ ಊರುಗಳ ಕಥೆ. ನಕ್ಷೆಯ ಮೇಲೆ ಚಿತ್ರದುರ್ಗವನ್ನೂ ದಾವಣಗೆರೆಯನ್ನೂ ಮಗುವಿಗೆ ಗುರುತಿಸಲು ಹೇಳಿ. ಚಿತ್ರದುರ್ಗ ಪಾಳೆಯಗಾರರ ರಾಜಧಾನಿ, ಏಳು ಸುತ್ತಿನ ಕೋಟೆಯ ಊರು, ಮುಂದೆ ಜಿಲ್ಲೆಯ ಮುಖ್ಯಸ್ಥಳ. ದಾವಣಗೆರೆ ಅದೇ ಜಿಲ್ಲೆಯ ಒಂದು ಪೇಟೆ. ಬೆಂಗಳೂರಿನಿಂದ ಹರಿಹರಕ್ಕೆ ಹೊರಟ ಕಂಬಿ ಅರಸೀಕೆರೆ, ಕಡೂರು, ಬೀರೂರುಗಳ ಮೇಲೆ ಬಂದು ದಾವಣಗೆರೆಯನ್ನು ಮುಟ್ಟಿತು. ದುರ್ಗವು ಬದಿಗೆ ಉಳಿಯಿತು. ಚಿಕ್ಕಜಾಜೂರಿನಿಂದ ದುರ್ಗಕ್ಕೊಂದು ಕವಲುದಾರಿ ಬಂದದ್ದು 20ನೆಯ ಶತಮಾನದಲ್ಲಿ. ಅಷ್ಟರಲ್ಲಿ ಸುತ್ತಣ ಹತ್ತಿಯೆಲ್ಲ ದಾವಣಗೆರೆಯ ಮಂಡಿಯ ದಾರಿ ಹಿಡಿದಿದ್ದಿತು. 1930ರ ದಶಕದಲ್ಲಿ ಅಲ್ಲಿ ಬಟ್ಟೆಯ ಗಿರಣಿ ಎದ್ದಿತು, ಒಂದರ ಹಿಂದೆ ಒಂದು ಬಂದವು. ಆಡಳಿತದ ಊರು ದುರ್ಗವಾಗಿಯೂ ವ್ಯಾಪಾರದ ಊರು ದಾವಣಗೆರೆಯಾಗಿಯೂ ಬಹುಕಾಲ ಉಳಿದವು. ಕಡೆಗೆ 1997ರಲ್ಲಿ ದಾವಣಗೆರೆಯೇ ಒಂದು ಜಿಲ್ಲೆಯಾಯಿತು.

ಹಾಗೆಂದ ಮಾತ್ರಕ್ಕೆ ದಾವಣಗೆರೆಯನ್ನು ರೈಲೇ ಸೃಷ್ಟಿಸಿತೆಂದು ಹೇಳಿಬಿಡುವುದು ಸರಿಯಲ್ಲ. ಹೈದರಾಲಿಯ ಕಾಲದಲ್ಲಿಯೇ ಅದು ವ್ಯಾಪಾರದ ಪೇಟೆಯಾಗಿ ಬೆಳೆಯತೊಡಗಿದ್ದಿತು. ಇದ್ದ ವ್ಯಾಪಾರಕ್ಕೆ ರೈಲು ಹತ್ತು ಕೈ ಕೊಟ್ಟಿತು ಎನ್ನಬೇಕು.

ರೈಲಿನಿಂದಲೇ ಹುಟ್ಟಿದ ಊರು ಬೇಕಾದರೆ ಬಂಗಾರಪೇಟೆಯನ್ನು ನೋಡಬಹುದು. ಮದ್ರಾಸಿನ ದಾರಿಯಲ್ಲಿ ನಿಲ್ದಾಣವೊಂದಾಯಿತು. ನಿಲ್ದಾಣದ ಸುತ್ತ ಪೇಟೆ ಬೆಳೆಯಿತು. ಆಗ ಮೈಸೂರಿನ ಚೀಫ್ ಕಮೀಷನರಾಗಿದ್ದ ಲೆವಿನ್ ಬೌರಿಂಗ್‌ನ ಹೆಸರು ಹಿಡಿದು ಅದು ಬೌರಿಂಗ್‌ಪೇಟೆಯಾಯಿತು. ಗಂಗರ ಕಾಲದಿಂದಲೂ ಹೆಸರಾದ ಕೋಲಾರವು ಕಂಬಿಯಿಂದ ದೂರ ಉಳಿಯಿತು. ಅದಕ್ಕೆ ಬೌರಿಂಗ್‌ಪೇಟೆಯಿಂದ ಪುಟ್ಟ ಅಳತೆಯ ಕಂಬಿ ಬಂದುದು 1913ರಲ್ಲಿ. ಈ ನಡುವೆ 1894ರಲ್ಲಿಯೇ ಬೌರಿಂಗ್‌ಪೇಟೆಯಿಂದ ಚಿನ್ನದ ಗಣಿಗಳಿಗೆ ಒಂದು ಕವಲು ಹೋಗಿದ್ದಿತು. ಭಾರಿ ಯಂತ್ರಗಳೂ ಕಲ್ಲಿದ್ದಲೂ ಆ ದಾರಿಯಲ್ಲಿ ಗಣಿಗೆ ಹೋದವು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಕಂಬಿ ಸಾಯಲಿಲ್ಲ. ಯಂತ್ರಗಳನ್ನು ಒಳಗೆ ತರಲೆಂದು ಹಾಕಿದ ದಾರಿಯಲ್ಲಿ ಆ ಪಟ್ಟಣದ ಸಾವಿರಾರು ಜನರು ಇಂದು ನಿತ್ಯ ಬೆಳಗ್ಗೆ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತಾರೆ, ರಾತ್ರಿ ಮನೆಗೆ ಮರಳುತ್ತಾರೆ. ಒಂದು ಕಾರಣಕ್ಕೆ ಹಾಕಿದ ದಾರಿ ನೂರು ವರ್ಷಗಳ ಮೇಲೆ ಮತ್ತೊಂದು ಕಾರಣಕ್ಕೆ ಅನ್ನ ಕೊಡುತ್ತಿದೆ.

ಹುಬ್ಬಳ್ಳಿ ಧಾರವಾಡಗಳ ಕಥೆಯೂ ಸ್ವಾರಸ್ಯವಾದುದು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ತನ್ನ ಕಚೇರಿಯನ್ನು ಧಾರವಾಡದಲ್ಲಿಯೂ ಕಾರ್ಖಾನೆಯನ್ನು ಹುಬ್ಬಳ್ಳಿಯಲ್ಲಿಯೂ ಇಟ್ಟಿತು. 1908ರಲ್ಲಿ ಆ ಕಂಪನಿ ಮದ್ರಾಸು ರೈಲ್ವೆಯೊಡನೆ ಕೂಡಿದ ಮೇಲೆ ಕಚೇರಿ ಮದ್ರಾಸಿಗೆ ಹೋಯಿತು. ಧಾರವಾಡದಲ್ಲಿ ಖಾಲಿಯಾದ ಭವ್ಯ ಕಟ್ಟಡ, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಮುಂದೆ ಮನೆಯಾಯಿತು. ಹುಬ್ಬಳ್ಳಿಯ ಕಾರ್ಖಾನೆ ಮಾತ್ರ ಹುಬ್ಬಳ್ಳಿಯಲ್ಲಿಯೇ ಉಳಿಯಿತು. ಅದರ ಸುತ್ತ ಬಡಿಗರು, ಕಮ್ಮಾರರು, ಫಿಟ್ಟರುಗಳು, ಚಾಲಕರು ನೆಲಸಿ ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು ಮಾತನಾಡುವ ಕಾಲೊನಿಗಳು ಬೆಳೆದವು. ಒಂದು ಊರು ವಿದ್ಯೆಯ ಊರಾಗಿಯೂ ಇನ್ನೊಂದು ದುಡಿಮೆಯ, ವ್ಯಾಪಾರದ ಊರಾಗಿಯೂ ರೂಪುಗೊಂಡದ್ದರಲ್ಲಿ ಈ ಹಂಚಿಕೆಗೂ ಒಂದು ಪಾಲಿದೆ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂದುದು ಆ ಹಳೆಯ ಸಂಬಂಧದ ಮುಂದುವರಿಕೆಯೇ.

ಕುಮಟೆಯ ಹತ್ತಿ ಎಲ್ಲಿ ಹೋಯಿತು?

ಬೆಳೆದ ಊರುಗಳನ್ನಷ್ಟೇ ತೋರಿಸಿ ಪಾಠ ಮುಗಿಸಿದರೆ ಅದು ಅರ್ಧ ಪಾಠ. ಗೆದ್ದವರ ಕಥೆಯೊಡನೆ ಸೋತವರ ಕಥೆಯನ್ನೂ ಹೇಳಬೇಕು.

ಹತ್ತಿಯ ವ್ಯಾಪಾರಿಗಳ ಭಾಷೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೊಂದಿದ್ದಿತು. ಕುಮಟೆಯಲ್ಲಿ ಹತ್ತಿ ಬೆಳೆಯುವುದೇ? ಇಲ್ಲ. ಅಲ್ಲಿ ತೆಂಗು, ಭತ್ತ, ಸಮುದ್ರ. ಹತ್ತಿ ಬೆಳೆಯುತ್ತಿದ್ದುದು ಘಟ್ಟದ ಮೇಲಿನ ಧಾರವಾಡ ಸೀಮೆಯ ಎರೆಯ ಹೊಲಗಳಲ್ಲಿ. ಅದು ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದು ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದುದರಿಂದ, ಬೆಳೆದ ನೆಲದ ಹೆಸರು ಮರೆಯಾಗಿ ಹಡಗು ಹತ್ತಿದ ಊರಿನ ಹೆಸರೇ ಹತ್ತಿಗೆ ನಿಂತಿತು. ಊರಿನ ಭಾಗ್ಯವೆಂದರೆ ಹೀಗಿರಬೇಕು!

ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. 1880ರ ದಶಕದಲ್ಲಿ ಹೊಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಕಂಬಿ ಬಂದಿತು. 1888ರ ಹೊತ್ತಿಗೆ ಗೋವೆಯ ಮರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕಿನವರೆಗೆ ಘಟ್ಟವನ್ನು ಕೊರೆದು ದಾರಿಯಾಗಿ, ಅದು ಹುಬ್ಬಳ್ಳಿಯ ಕಡೆಯ ದಾರಿಯನ್ನು ಕೂಡಿತು. ಧಾರವಾಡ ಸೀಮೆಯ ಹತ್ತಿಗೆ ಈಗ ಕುಮಟೆಯ ಘಟ್ಟ ಬೇಕಾಗಿರಲಿಲ್ಲ. ಗಾಡಿಗಳ ಸಾಲು ತೆಳ್ಳಗಾಯಿತು. ಬಂದರಿನ ಉಗ್ರಾಣಗಳು ಬರಿದಾದವು. ಕಾರವಾರಕ್ಕೂ ಇದೇ ಗತಿ. ಆ ಬಂದರಿನ ಮೇಲೆ ಆಸೆಯಿಟ್ಟು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರು. ಅಲ್ಲಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತುಗಳಾದವು. ಮಾತು ಕಾರವಾರಕ್ಕೆ, ಕಂಬಿ ಮರ್ಮಗೋವೆಗೆ ಎಂಬಂತಾಯಿತು.

ಕುಮಟೆಗೆ ರೈಲು ಬರಲೇ ಇಲ್ಲವೆಂದಲ್ಲ. 1998ರಲ್ಲಿ ಕೊಂಕಣ ರೈಲುದಾರಿ ಪೂರ್ಣವಾಗಿ ತೆರೆದಾಗ ಕುಮಟೆ ಕಾರವಾರಗಳೆರಡೂ ಅದರ ಮೇಲೆ ನಿಲ್ದಾಣಗಳಾದವು. ಆದರೆ ನೂರ ಹತ್ತು ವರ್ಷಗಳ ಮೇಲೆ ಬಂದ ಈ ದಾರಿ ಕರಾವಳಿಯುದ್ದಕ್ಕೆ ಓಡುತ್ತದೆ. ಘಟ್ಟದ ಮೇಲಿನ ಹತ್ತಿಯ ನೆಲಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಹುಬ್ಬಳ್ಳಿ–ಅಂಕೋಲೆಗಳನ್ನು ಕೂಡಿಸಬೇಕೆಂಬ ಯೋಜನೆ ಅರಣ್ಯದ ಪ್ರಶ್ನೆಯ ಮೇಲೆ ದಶಕಗಳಿಂದ ಚರ್ಚೆಯಲ್ಲಿದೆ. ಒಂದು ಕಡೆ ಬಂದರಿನ ಆಸೆ, ಇನ್ನೊಂದು ಕಡೆ ಘಟ್ಟದ ಕಾಡು. ಮಕ್ಕಳು ಎರಡು ಪಕ್ಷಗಳಾಗಿ ವಾದಿಸಲು ಇದಕ್ಕಿಂತ ಒಳ್ಳೆಯ ವಿಷಯ ದೊರೆಯಲಾರದು.

ಊರುಗಳಂತೆಯೇ ಜನರೂ ಸೋತರು. ಲಂಬಾಣಿಗಳ ಹೇರೆತ್ತಿನ ಸಾಲುಗಳು ಒಂದು ಕಾಲದಲ್ಲಿ ದಕ್ಷಿಣ ದೇಶದ ನಡೆದಾಡುವ ಗೋದಾಮುಗಳಾಗಿದ್ದವು. ಕರಾವಳಿಯ ಉಪ್ಪು ಮೇಲಕ್ಕೆ, ಮೇಲಿನ ಧಾನ್ಯ ಕೆಳಕ್ಕೆ. ಸೈನ್ಯಗಳು ಹೊರಟರೆ ಅವುಗಳಿಗೂ ಇವರೇ ಧಾನ್ಯ ಒದಗಿಸುವವರು. ಗಾಡಿಯ ರಸ್ತೆಗಳು ಇವರ ಕಸುಬನ್ನು ಕುಗ್ಗಿಸಿದವು; ರೈಲು ಅದನ್ನು ಮುಗಿಸಿತು. ಕಸುಬು ಹೋದವರನ್ನು ಆಗಿನ ಸರಕಾರ ಕಂಡ ರೀತಿ ಇನ್ನೂ ನೋವಿನದು. 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾಗಿ ಮುಂದೆ ಇತರ ಪ್ರಾಂತಗಳಿಗೂ ಹಬ್ಬಿದ ಅಪರಾಧಿ ಪಂಗಡಗಳ ಕಾನೂನು ಅನೇಕ ಕಡೆ ಈ ಜನರ ಮೇಲೂ ಬಿದ್ದಿತು. ಅಲೆಯುವವನೆಂದರೆ ಕಳ್ಳನೆಂಬ ಭಾವನೆ ಕಾನೂನಿನ ರೂಪ ತಾಳಿತು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಅದು ರದ್ದಾಯಿತು. ನಮ್ಮ ಮಕ್ಕಳು ತಾಂಡಾಗಳ ಬಣ್ಣದ ಉಡುಗೆಯನ್ನೂ ಕುಣಿತವನ್ನೂ ಬಲ್ಲರು. ಆ ಜನರು ಈ ನಾಡಿನ ಸಾಗಣೆಯ ಭಾರವನ್ನು ಶತಮಾನಗಳ ಕಾಲ ಹೊತ್ತವರೆಂಬುದನ್ನೂ ಬಲ್ಲವರಾಗಬೇಕು.

ಕಂಬಿಯ ಮೇಲೆ ರೋಗವೂ ಪ್ರಯಾಣ ಮಾಡಿತು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗುಮಾರಿ ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯನ್ನು ಹಿಡಿದೇ ಬಂದಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿ ಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳಿಗೆ ಜನರು ಹೋಗಿ ನೆಲಸಲು ಆ ಭಯವೂ ಒಂದು ಕಾರಣವಾಯಿತು.

ರೈಲೊಂದೇ ಸಾಲದು

ಇಷ್ಟು ಹೇಳಿದ ಮೇಲೆ ಮಕ್ಕಳು ಎಲ್ಲಕ್ಕೂ ರೈಲೇ ಕಾರಣವೆಂದು ತೀರ್ಮಾನಿಸಿಬಿಡುವ ಅಪಾಯವಿದೆ. ಆಗ ಅವರ ಮುಂದೆ ಮೂರು ಊರುಗಳನ್ನಿಡಬೇಕು.

ಮೊದಲನೆಯದು ಶ್ರೀರಂಗಪಟ್ಟಣ. ಮೈಸೂರಿನ ಕಂಬಿ ಅದರ ಕೋಟೆಯೊಳಗೇ ನುಗ್ಗಿ ಹೋಗುತ್ತದೆ. ಆದರೂ 1799ರಲ್ಲಿ ರಾಜಧಾನಿಯ ಪಟ್ಟ ಕಳೆದುಕೊಂಡ ಆ ಊರು ರೈಲು ಬಂದ ಮಾತ್ರಕ್ಕೆ ಮತ್ತೆ ದೊಡ್ಡದಾಗಲಿಲ್ಲ. ಎರಡನೆಯದು ಸಿರಾ. ಮೊಗಲರ ಸುಬೆಯ ಮುಖ್ಯಸ್ಥಳವಾಗಿದ್ದ ಅದು ಕುಗ್ಗಿದುದು 18ನೆಯ ಶತಮಾನದ ಯುದ್ಧಗಳ ಕಾಲದಲ್ಲಿ, ರೈಲಿಗೆ ನೂರು ವರ್ಷ ಮುಂಚೆ. ರೈಲು ತಪ್ಪಿದ್ದರಿಂದ ಸಿರಾ ಹಾಳಾಯಿತೆಂದರೆ ಅದು ಕಾಲದ ಲೆಕ್ಕ ತಪ್ಪಿದ ಮಾತು.

ಮೂರನೆಯದು ಮಂಡ್ಯ. 1882ರ ಹೊತ್ತಿಗಾಗಲೇ ರೈಲು ಕಂಡಿದ್ದ ಮಂಡ್ಯ ಐವತ್ತು ವರ್ಷಗಳ ಕಾಲ ಸಣ್ಣ ಊರಾಗಿಯೇ ಇದ್ದಿತು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ ಕಬ್ಬು ಬಂದಿತು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ ಬಂದಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಕಂಬಿ ಕಾದಿತ್ತು, ನೀರು ಬಂದು ಕೂಡಿತು. ಭದ್ರಾವತಿಯದೂ ಹೀಗೆಯೇ: ಬೀರೂರು–ಶಿವಮೊಗ್ಗ ದಾರಿ 1899ರಲ್ಲಿ ತೆರೆಯಿತು, ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದುದು 1923ರಲ್ಲಿ. ಅದಿರು, ಕಾಡಿನ ಇದ್ದಲು, ವಿಶ್ವೇಶ್ವರಯ್ಯನವರ ಛಲ, ಸಂಸ್ಥಾನದ ಹಣ ಎಲ್ಲವೂ ಸೇರಿದ ಮೇಲೆ ಕಂಬಿಯ ಬೆಲೆ ತಿಳಿಯಿತು.

ಕಂಬಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ಮುಖ್ಯ. ಮಂಗಳೂರಿಗೆ 1907ರಲ್ಲಿ ರೈಲು ಬಂದಿತು. ಬಂದುದು ಮಲಬಾರಿನ ಕಡೆಯಿಂದ. ಹಾಸನ–ಮಂಗಳೂರು ದಾರಿ ತೆರೆದುದು 1979ರಲ್ಲಿ. ನಡುವಣ ಎಪ್ಪತ್ತೆರಡು ವರ್ಷ ಬೆಂಗಳೂರಿನವರು ರೈಲಿನಲ್ಲಿ ಮಂಗಳೂರಿಗೆ ಹೋಗಬೇಕಾದರೆ ಜೋಲಾರಪೇಟೆ, ಸೇಲಂ, ಪಾಲಘಾಟು, ಷೊರನೂರುಗಳನ್ನು ಸುತ್ತಬೇಕಾಗಿದ್ದಿತು. ನೇರ ರಸ್ತೆಯ ದುಪ್ಪಟ್ಟಿಗೂ ಹೆಚ್ಚು ದೂರ! ನಕ್ಷೆಯ ಮೇಲೆ ದಾರವಿಟ್ಟು ಎರಡು ದಾರಿಗಳನ್ನೂ ಅಳೆಯಲು ಮಗುವಿಗೆ ಹೇಳಿ. ಕನ್ನಡ ಮಾತನಾಡುವ ಸೀಮೆಗಳು ಒಂದಕ್ಕೊಂದು ಹತ್ತಿರವಿದ್ದೂ ಮದ್ರಾಸಿಗೋ ಮುಂಬಯಿಗೋ ಮರ್ಮಗೋವೆಗೋ ಮುಖ ಮಾಡಿ ಬೆಳೆದುವೇಕೆಂಬುದು ಆ ದಾರದ ಉದ್ದದಲ್ಲಿಯೇ ತಿಳಿಯುತ್ತದೆ. ದಾರಿ ಹಾಕಿದವರ ಕಣ್ಣು ಬಂದರುಗಳ ಮೇಲೆ ಇದ್ದಿತು.

ಕಂಬಿಗಳ ಅಗಲದ ಮಾತನ್ನೂ ಇಲ್ಲಿ ಹೇಳಬಹುದು. ಮದ್ರಾಸಿನ ದಾರಿ ಐದೂವರೆ ಅಡಿಯದು. ಮೈಸೂರು, ಹುಬ್ಬಳ್ಳಿಗಳ ದಾರಿ ಮೀಟರ್ ಅಳತೆಯದು, ಸುಮಾರು ಮೂರೂಕಾಲು ಅಡಿ. ಖರ್ಚು ಕಡಿಮೆಯಾಗಲೆಂದು 1870ರಲ್ಲಿ ಸರಕಾರ ಈ ಕಿರಿಯ ಅಳತೆಯನ್ನು ಒಪ್ಪಿತು. ಫಲವೇನು? ಎರಡೂ ಅಳತೆಗಳು ಸಂಧಿಸುವ ಬೆಂಗಳೂರಿನಂಥ ಕಡೆ ಪ್ರತಿಯೊಂದು ಮೂಟೆಯನ್ನೂ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಕೂಲಿ, ಕಾಲಹರಣ, ಸೋರಿಕೆ. ಮುಖ್ಯ ದಾರಿಗಳು ಒಂದೇ ಅಳತೆಗೆ ಬಂದುದು 1990ರ ದಶಕದಲ್ಲಿ. ಅಂದು ಉಳಿಸಿದ ಹಣದ ಬಡ್ಡಿಯನ್ನು ನೂರು ವರ್ಷ ತೆತ್ತಂತಾಯಿತು.

ಮನೆಯಲ್ಲಿ ಮಾಡಬಹುದಾದ ಪಾಠ

ಇದೆಲ್ಲವನ್ನೂ ಕೂರಿಸಿಕೊಂಡು ಉಪನ್ಯಾಸ ಮಾಡಿದರೆ ಮಕ್ಕಳು ಆಕಳಿಸುತ್ತಾರೆ. ಉಪನ್ಯಾಸವೇ ಕಸುಬಾದ ನನಗೆ ಈ ವಿಷಯದಲ್ಲಿ ಭ್ರಮೆಯಿಲ್ಲ. ಅದಕ್ಕೆ ಬದಲಾಗಿ ನಾಲ್ಕು ಸಣ್ಣ ಕೆಲಸಗಳನ್ನು ಮಾಡಿಸಬಹುದು.

ಮೊದಲನೆಯದು, ರಜೆಯಲ್ಲಿ ಒಂದು ಸಲವಾದರೂ ವೇಗದ ಗಾಡಿಯನ್ನು ಬಿಟ್ಟು ಎಲ್ಲ ಕಡೆಯೂ ನಿಲ್ಲುವ ಪ್ಯಾಸೆಂಜರ್ ಗಾಡಿಯಲ್ಲಿ ಹಗಲು ಹೊತ್ತು ಪ್ರಯಾಣ ಮಾಡಿಸಿ. ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ಪ್ರತಿಯೊಂದು ನಿಲ್ದಾಣದ ಹೆಸರು, ಕಿಟಕಿಯಿಂದ ಕಂಡ ಗೋದಾಮು, ಗಿರಣಿಯ ಚಿಮಣಿ, ಕೆರೆ, ಹಳೆಯ ನೀರಿನ ತೊಟ್ಟಿ ಎಲ್ಲವನ್ನೂ ಬರೆದುಕೊಳ್ಳಲಿ. ಉಗಿಯ ಎಂಜಿನ್ನು ಬಹಳ ನೀರು ಕುಡಿಯುವ ಯಂತ್ರ. ಅದರ ಬಾಯಾರಿಕೆಗೆ ದಾರಿಯುದ್ದಕ್ಕೂ ನೀರು ಬೇಕಾಗಿದ್ದಿತು. ಕೆಲವು ನಿಲ್ದಾಣಗಳ ಪಕ್ಕದಲ್ಲಿ ಕೆರೆಯೋ ಹೊಳೆಯೋ ಇರುವುದರ ಗುಟ್ಟು ಹೀಗೆ ಬಯಲಾಗುತ್ತದೆ. ತಿಪಟೂರಿನಲ್ಲಿ ಕೊಬ್ಬರಿಯ ಮಂಡಿ ಎಲ್ಲಿದೆ, ನಿಲ್ದಾಣಕ್ಕೆ ಎಷ್ಟು ದೂರ ಎಂದು ವಿಚಾರಿಸಲಿ.

ಎರಡನೆಯದು, ಹೆಸರಿನ ಬೇಟೆ. ‘ಸುಬ್ರಹ್ಮಣ್ಯ ರೋಡ್’, ‘ಗೋಕರ್ಣ ರೋಡ್’ ಎಂಬಂಥ ನಿಲ್ದಾಣಗಳನ್ನು ವೇಳಾಪಟ್ಟಿಯಲ್ಲಿ ಹುಡುಕಲಿ. ‘ರೋಡ್’ ಎಂದರೆ ರೈಲು ಆ ಊರಿನವರೆಗೆ ಬರುವುದಿಲ್ಲ, ಇಲ್ಲಿಳಿದು ರಸ್ತೆ ಹಿಡಿಯಿರಿ ಎಂದರ್ಥ. ಯಾವ ಗುಡ್ಡ, ಯಾವ ಹೊಳೆ ಕಂಬಿಯನ್ನು ದೂರ ನಿಲ್ಲಿಸಿತು ಎಂದು ನಕ್ಷೆಯಲ್ಲಿ ನೋಡಲಿ.

ಮೂರನೆಯದು, ಮನೆಯ ಹಿರಿಯರ ಮಾತು. ಅಜ್ಜ ಅಜ್ಜಿಯರು ಯಾವ ಊರಿನಿಂದ ಯಾವ ಊರಿಗೆ ಬಂದರು, ಏಕೆ ಬಂದರು, ಹೇಗೆ ಬಂದರು ಎಂದು ಮಗುವೇ ಕೇಳಿ ಬರೆದುಕೊಳ್ಳಲಿ. ಪಟ್ಟಣದ ಮಧ್ಯಮ ವರ್ಗದ ಕುಟುಂಬಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ತಲೆಮಾರಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಂದಿಗೆ ರೈಲಿಳಿದು ಬಂದವೇ. ಆ ಕಥೆ ಕೇಳಿದ ಮೇಲೆ ‘ವಲಸೆ’ ಎಂಬ ಪಾರಿಭಾಷಿಕ ಶಬ್ದ ಮಗುವಿಗೆ ತನ್ನ ಮನೆಯ ಮಾತಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕಂಬಿ ಬಂದ ಒಂದು ಊರನ್ನೂ ಬಾರದ ಒಂದು ಊರನ್ನೂ ಆರಿಸಿಕೊಂಡು, ಎರಡರ ವಿಷಯವನ್ನೂ ಅಕ್ಕಪಕ್ಕದಲ್ಲಿ ಬರೆಯಲಿ: ಹಿಂದೆ ಏನಿದ್ದಿತು, ರೈಲು ಯಾವಾಗ ಬಂದಿತು, ಆಮೇಲೆ ಏನು ಬಂದಿತು, ಏನು ಹೋಯಿತು, ರೈಲಲ್ಲದೆ ಬೇರೆ ಕಾರಣಗಳು ಯಾವುವು. ಈ ಕೊನೆಯ ಪ್ರಶ್ನೆಯನ್ನು ಬಿಡಬಾರದು. ಅದೇ ಮಗುವಿಗೆ ವಿಚಾರ ಮಾಡುವುದನ್ನು ಕಲಿಸುತ್ತದೆ.

ಇಷ್ಟೆಲ್ಲ ಪ್ರಯಾಸವೇಕೆ, ಪರೀಕ್ಷೆಗೆ ತಾರೀಖು ಸಾಲದೇ ಎಂದು ಕೇಳುವವರುಂಟು. ಪರೀಕ್ಷೆಗೆ ಸಾಕು. ಆದರೆ ಈ ಮಕ್ಕಳು ಬೆಳೆದು ಮತ ಹಾಕುವ ಪ್ರಜೆಗಳಾಗುತ್ತಾರೆ. ಹೊಸ ಹೆದ್ದಾರಿ ಯಾವ ಊರನ್ನು ಮುಟ್ಟಬೇಕು, ಯಾವ ಊರನ್ನು ಬಳಸಿ ಹೋಗಬೇಕು, ಯಾರ ಹೊಲದ ಮೇಲೆ ಹಾಯಬೇಕು, ಯಾವ ಕಾಡನ್ನು ಉಳಿಸಬೇಕು ಎಂಬುದನ್ನು ನಾಳೆ ನಿರ್ಧರಿಸುವವರು ಅವರೇ. ನಕ್ಷೆಯ ಮೇಲೆ ಒಬ್ಬನು ಎಳೆದ ಗೆರೆ ನೂರು ವರ್ಷ ಲಕ್ಷಾಂತರ ಜನರ ಅನ್ನವನ್ನು ನಿರ್ಧರಿಸುತ್ತದೆ ಎಂಬುದನ್ನು ದಾವಣಗೆರೆ ಕುಮಟೆಗಳಿಂದ ಕಲಿತವನು, ಹೊಸ ಗೆರೆಯನ್ನು ಎಳೆಯುವಾಗ ಎರಡು ಕಡೆಗೂ ಕಣ್ಣು ಹಾಯಿಸುತ್ತಾನೆ. ದಾರಿ ಯಾರಿಗೆ ಅನುಕೂಲವೆಂದು ಕೇಳುವುದರ ಜೊತೆಗೆ, ದಾರಿಯಿಂದ ಕಸುಬು ಕಳೆದುಕೊಳ್ಳುವವರಿಗೆ ನಾವು ಏನು ಕೊಡುತ್ತೇವೆಂದೂ ಕೇಳುತ್ತಾನೆ. ಹಾಗೆ ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಿದರೆ, ರೈಲಿನ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು.